ಕೇರಿ ಇಲ್ಲದ ಊರು, ರಾತ್ರಿಗೆ ಬಾಡಿಗೆಗೆ

ಕಳೆದ ಸುಗ್ಗಿಯಲ್ಲಿ ಹೊಂಗನೂರಿನ ನಮ್ಮ ಕೇರಿಗೆ ಒಬ್ಬ ದಲ್ಲಾಳಿ ಬಂದ. ಕಾರನ್ನು ದೂರ ಬಿಟ್ಟು ನಡೆದುಕೊಂಡು ಬಂದ. ಜಗಲಿ ಮೇಲೆ ಕೂತ. ಕೊಟ್ಟ ಕಾಫಿ ಕುಡಿದ. ನಮ್ಮ ಸೀಮೆಯ ಮೇಲುಜಾತಿಯವರಲ್ಲಿ ಎಷ್ಟೋ ಜನಕ್ಕೆ ಕೇರಿಯ ಕಾಫಿ ಅಂದರೆ ಇವತ್ತಿಗೂ ಗ್ಯಾಸ್ಟ್ರಿಕ್ ನೆನಪಾಗುತ್ತದೆ. "ಈಗ್ತಾನೆ ಕುಡ್ಕಂಡ್ ಬಂದೆ ಕಣಪ್ಪ" ಅನ್ನುತ್ತಾರೆ. ದಲ್ಲಾಳಿಗೆ ಅಂಥ ತೊಂದರೆ ಇರಲಿಲ್ಲ. ನೆಲದ ಆಸೆಗೆ ಮಡಿಮೈಲಿಗೆ ಇಲ್ಲ ಅನ್ನುವುದನ್ನು ಆವತ್ತು ನಾವು ಕಣ್ಣಾರೆ ಕಂಡೆವು.

"ತಾತ, ನಿಮ್ಮ ಆ ಎರಡು ಎಕರೆ ಕೊಡಿ. ಮಾರೋದು ಬೇಡ, ಬರೀ ಲೀಸಿಗೆ. ಮೂವತ್ತು ವರ್ಷ. ನೆಲ ನಿಮ್ದೇ. ನಾವು ಗುಡಾರ ಹಾಕ್ಕೋತೀವಿ, ಅಷ್ಟೆ."

"ಯಾರ್ ಬತ್ತಾರಪ್ಪ ಗುಡಾರಕ್ಕೆ? ಹಕ್ಕಿಪಿಕ್ಕಿಯೋರಾ?"

"ಇಲ್ಲ ತಾತ, ಬೆಂಗಳೂರೋರು. ಇಂಜಿನಿಯರುಗಳು."

"ಪಾಪ, ಅವರ್ಗೆ ಮನೆ ಇಲ್ವಾ?"

ಎಲ್ಲರೂ ನಕ್ಕೆವು. ದಲ್ಲಾಳಿಯೂ ನಕ್ಕ. ಅವನು ಹೋದ ಮೇಲೆ ತಾತ ಮಾತ್ರ ನಗಲಿಲ್ಲ. ಮೊಮ್ಮಗಳು ನರ್ಸಿಂಗ್ ಸೇರಬೇಕು. ಆ ಎರಡು ಎಕರೆ ಸರ್ಕಾರ ಮಂಜೂರು ಮಾಡಿದ ದರಖಾಸ್ತು ಜಮೀನು. ಕೊಳವೆಬಾವಿ ಇಲ್ಲ. ಮಳೆ ಬಂದರೆ ರಾಗಿ, ಬರದಿದ್ದರೆ ಬರೀ ಕಲ್ಲು. ದಲ್ಲಾಳಿ ಹೇಳಿದ ಮುಂಗಡದಷ್ಟು ದುಡ್ಡನ್ನು ತಾತ ಜೀವಮಾನದಲ್ಲಿ ಒಟ್ಟಿಗೆ ಕಂಡಿಲ್ಲ. "ಏನ್ ಮಾಡನ್ರಪ್ಪ, ಹೇಳಿ. ನೀವು ಓದಿದೋರು" ಅಂದ. ಘೋಷಣೆ ಕೂಗಿ ತಪ್ಪಿಸಿಕೊಳ್ಳುವ ಪ್ರಶ್ನೆ ಇದಲ್ಲ. ಇಲ್ಲಿ ಬರೆಯುತ್ತಿರುವುದು ಆ ತಾತನಿಗೆ ನಾವು ಕೊಡಬೇಕಾದ ಉತ್ತರ. ನಿಮ್ಮ ನಿಮ್ಮ ಹಟ್ಟಿಗಳಿಗೂ ಅಂಥ ದಲ್ಲಾಳಿ ಬಂದಿದ್ದಾನೆ, ಇಲ್ಲವೇ ದಾರಿಯಲ್ಲಿದ್ದಾನೆ.

ಏನಿದು ವ್ಯಾಪಾರ? ಮೊದಲು ಇದಕ್ಕೆ ಕ್ಯಾಂಪಿಂಗ್ ಅನ್ನುತ್ತಿದ್ದರು. ಬೆಟ್ಟದ ಬುಡದಲ್ಲೋ ನೀರಿನ ಅಂಚಿನಲ್ಲೋ ಬಟ್ಟೆಯ ಗುಡಾರ, ನಡುವೆ ಬೆಂಕಿ, ಸುತ್ತ ಕೂತು ಹಾಡು. ಈಗ ಅದಕ್ಕೆ ಐಷಾರಾಮ ಸೇರಿಸಿ ಗ್ಲಾಂಪಿಂಗ್ ಅನ್ನುತ್ತಾರೆ. ಗುಡಾರದೊಳಗೆ ಮಂಚ, ಹಾಸಿಗೆ, ತಣ್ಣನೆ ಗಾಳಿಯ ಯಂತ್ರ, ಅಂಟಿಕೊಂಡೇ ಪಾಯಿಖಾನೆ. ಬಾಗಿಲಿಗೆ ಹಳೆಯ ಗಾಡಿ ಚಕ್ರ ಒರಗಿಸಿರುತ್ತಾರೆ. ಒರಳು, ಬೀಸುಕಲ್ಲು, ಮೊರ ನೇತುಹಾಕಿರುತ್ತಾರೆ. ಬೆಳಗ್ಗೆ ರಾಗಿ ಮುದ್ದೆ, ಸಂಜೆ ತಮಟೆ. ಇದರ ಹೆಸರು ಹಳ್ಳಿಯ ಅನುಭವ. ಮಾಗಡಿಯ ಸಾವನದುರ್ಗ, ಮಂಚನಬೆಲೆ, ರಾಮನಗರದ ಬಂಡೆಬೆಟ್ಟಗಳು, ಕನಕಪುರದ ಕಾಡಂಚು, ನಮ್ಮ ಚನ್ನಪಟ್ಟಣದ ಕಣ್ವ, ಎಲ್ಲಿ ನೀರು ಮಿನುಗುತ್ತದೋ ಎಲ್ಲಿ ಕಲ್ಲು ಏಳುತ್ತದೋ ಅಲ್ಲೆಲ್ಲ ಇವರ ಕಣ್ಣು.

ದಾರಿಯನ್ನೂ ಇವರಿಗೇ ಮಾಡಿಕೊಟ್ಟಿದ್ದಾರೆ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಓಡಿಸಬಾರದು ಎಂದು ಆದೇಶವಾಯಿತು. ನಮ್ಮ ಹೊಲ ಸೀಳಿಕೊಂಡು ಹೋದ ರಸ್ತೆಯ ಮೇಲೆ ನಮ್ಮ ಟ್ರ್ಯಾಕ್ಟರಿಗೆ ಜಾಗವಿಲ್ಲ. ನಾವು ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಊರಿನ ಒಳದಾರಿ ಒಡೇರಿಗೆ, ಹೊರದಾರಿ ಹೊಲೇರಿಗೆ ಅಂತ ನಮ್ಮಜ್ಜ ಹೇಳುತ್ತಿದ್ದ. ಈಗ ಅದಕ್ಕೆ ಡಾಂಬರು ಬಳಿದಿದ್ದಾರೆ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಹೆಸರು ಬದಲಾದರೆ ನೆಲದ ಬೆಲೆ ಏರುತ್ತದೆ ಅಂದರು. ಏರಲಿ. ಯಾರ ಜೇಬಿಗೆ ಅನ್ನುವುದಷ್ಟೇ ನಮ್ಮ ಪ್ರಶ್ನೆ.

ಇದನ್ನೆಲ್ಲ ಕಣ್ಣಾರೆ ನೋಡಿ ಬರೋಣ ಅಂತ ನಾವು ಆರು ಜನ ಮಂಚನಬೆಲೆಗೆ ಹೊರಟೆವು. ಒಬ್ಬರು ಪ್ರೈಮರಿ ಮೇಷ್ಟ್ರು, ಒಬ್ಬರು ಆಲೆ ಮರದ ಬೊಂಬೆ ಕಡೆಯುವವರು, ಇಬ್ಬರು ಕಾಲೇಜು ಹುಡುಗರು, ರೇಷ್ಮೆ ಬಿಚ್ಚುವ ಅಕ್ಕ ಒಬ್ಬರು, ಕೂಲಿಯವರೊಬ್ಬರು. ಮಂಚನಬೆಲೆಯೇ ಯಾಕೆ? ಅಲ್ಲಿ ಅರ್ಕಾವತಿಗೆ ಕಟ್ಟಿದ ಜಲಾಶಯವಿದೆ, ಅದರ ಸುತ್ತ ಗುಡಾರದ ವ್ಯಾಪಾರವಿದೆ. ಅದಕ್ಕಿಂತ ದೊಡ್ಡ ಕಾರಣ, ಅದು ಸಿದ್ಧಲಿಂಗಯ್ಯನವರು 1954ರಲ್ಲಿ ಹುಟ್ಟಿದ ಊರು. ಕವಿಗಳ ಊರು, ಸಾಹಿತ್ಯದ ಊರು ಅಂತ ಹೇಳಿ ಪ್ರವಾಸಿಗಳನ್ನು ಕರೆಯುವ ಈ ಕಾಲದಲ್ಲಿ, ನಮ್ಮ ಕವಿಯ ಊರನ್ನು ಹೇಗೆ ತೋರಿಸುತ್ತಾರೆ ನೋಡೋಣ ಅಂತ ಹೋದೆವು.

ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಅದನ್ನು ಓದಿದವರಿಗಿಂತ ಮೆರವಣಿಗೆಯಲ್ಲಿ ಹಾಡಿದವರು ಹೆಚ್ಚು. ಆಮೇಲೆ ಅವರು ಹಿಡಿದ ದಾರಿಯ ಬಗ್ಗೆ ನಮ್ಮ ನಮ್ಮಲ್ಲೇ ಜಗಳವಿದೆ, ಅದು ಬೇರೆ ಮಾತು. ಅವರ ಆತ್ಮಕಥೆ 'ಊರುಕೇರಿ' 1996ರಲ್ಲಿ ಬಂತು. ಹೆಸರನ್ನೇ ನೋಡಿ. ಊರು ಅಂತ ಒಂದೇ ಮಾತು ಹೇಳಿ ನಿಲ್ಲಿಸಲು ಆ ಲೇಖಕನಿಗೆ ಆಗಲಿಲ್ಲ. ಊರು ಬೇರೆ, ಕೇರಿ ಬೇರೆ. ಆ ಪುಸ್ತಕದ ಮೊದಲಿಗೇ ಬಾಲಕನೊಬ್ಬ ದೂರದ ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗಕ್ಕೆ ಹೆಗಲು ಕೊಟ್ಟು ನೇಗಿಲು ಎಳೆಯುವುದನ್ನು ನೋಡುತ್ತಾನೆ. ಮೊದಲು ಅವನಿಗೆ ತಮಾಷೆ ಅನಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಎಳೆಯುತ್ತಿರುವವರಲ್ಲಿ ಒಬ್ಬ ತನ್ನ ಅಪ್ಪ.

ಮೇಷ್ಟ್ರುಗಳೇ, ಮಂಚನಬೆಲೆಯ ಭೂದೃಶ್ಯ ಅಂದರೆ ಇದು. ಆ ನೆಲದ ಚೆಲುವಿನ ಒಳಗೆ ಮನುಷ್ಯನ ಹೆಗಲ ಮೇಲಿನ ನೊಗದ ಗಾಯವಿದೆ. ನಾವು ನೋಡಿದ ಗುಡಾರದ ಜಾಹೀರಾತುಗಳಲ್ಲಿ ಆ ಗಾಯ ಇರಲಿಲ್ಲ. ಬೆಟ್ಟ ಇತ್ತು, ನೀರು ಇತ್ತು, ಸೂರ್ಯ ಮುಳುಗುತ್ತಿದ್ದ. ಕವಿಯ ಹೆಸರೂ ಇರಲಿಲ್ಲ, ಕೇರಿಯೂ ಇರಲಿಲ್ಲ. ನಾವು ಮಾತಾಡಿಸಿದ ಪ್ರವಾಸಿ ಹುಡುಗರಲ್ಲಿ ಒಬ್ಬರಿಗೂ ಇದು ಯಾರ ಊರು ಅಂತ ಗೊತ್ತಿರಲಿಲ್ಲ. ಅವರದು ತಪ್ಪಲ್ಲ. ಅವರಿಗೆ ಯಾರೂ ಹೇಳಿಲ್ಲ.

ಇನ್ನೊಂದು ಮಾತು ಜೋಡಿಸಿ ನೋಡಿ. ಮಂಚನಬೆಲೆ ದಾಟಿದ ಅರ್ಕಾವತಿ ಕೆಳಗೆ ರಾಮನಗರಕ್ಕೆ ಬರುತ್ತಾಳೆ. ಅಲ್ಲಿ ರಾಮದೇವರಬೆಟ್ಟದ ಬುಡದಲ್ಲಿ ಸಿನಿಮಾದವರು ಒಂದು ಹಳ್ಳಿ ಕಟ್ಟಿದ್ದರು. 'ಶೋಲೆ' ಚಿತ್ರ. ಅದು ತೆರೆಗೆ ಬಂದದ್ದೂ 1975ರಲ್ಲೇ, ಆಗಸ್ಟ್ 15ರಂದು, ತುರ್ತುಪರಿಸ್ಥಿತಿಯ ನಡುವೆ. ಆ ರಾಮಗಢದಲ್ಲಿ ಠಾಕೂರನ ದೊಡ್ಡ ಮನೆ ಇತ್ತು, ಮಸೀದಿ ಇತ್ತು, ಗುಡಿ ಇತ್ತು, ಹತ್ತಿ ಕೂಗಾಡಲು ನೀರಿನ ಟ್ಯಾಂಕು ಇತ್ತು. ಕೇರಿ ಇರಲಿಲ್ಲ. ಒಂದೇ ವರ್ಷ, ಒಂದೇ ನದಿಯ ದಂಡೆ, ಎರಡು ಹಳ್ಳಿ. ಒಂದು ಹಳ್ಳಿಯನ್ನು ಬೊಂಬಾಯಿಯವರು ಹಲಗೆಯಲ್ಲಿ ಕಟ್ಟಿದರು, ಇನ್ನೊಂದನ್ನು ನಮ್ಮ ಕವಿ ಹಾಡಿನಲ್ಲಿ ಕಟ್ಟಿದ. ಐವತ್ತು ವರ್ಷ ಕಳೆದ ಮೇಲೆ ಪ್ರವಾಸೋದ್ಯಮ ಯಾವ ಹಳ್ಳಿಯನ್ನು ಆರಿಸಿಕೊಂಡಿದೆ? ಹಲಗೆಯ ಹಳ್ಳಿಯನ್ನು. ಶೋಲೆ ಬೆಟ್ಟ ಅಂದರೆ ದಾರಿಹೋಕರೆಲ್ಲ ಕೈ ತೋರಿಸುತ್ತಾರೆ. ಇದ್ದದ್ದನ್ನು ಅಳಿಸಿ ಇಲ್ಲದ್ದನ್ನು ಮಾರುವುದೇ ಈ ವ್ಯಾಪಾರದ ಗುಟ್ಟು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ 'ಬೂಸಾ' ಎಂಬ ಒಂದು ಮಾತು ಆಡಿದ್ದಕ್ಕೆ ಗಲಭೆ ಎಬ್ಬಿಸಿ ಮಂತ್ರಿಗಿರಿ ಬಿಡಿಸಿದರು. ನಮ್ಮ ಬದುಕಿಲ್ಲದ ಬರವಣಿಗೆಯಲ್ಲಿ ಕಾಳಿಲ್ಲ ಅನ್ನುವ ಸಿಟ್ಟಿನಿಂದಲೇ ದಲಿತ ಬಂಡಾಯ ಸಾಹಿತ್ಯ ಎದ್ದು ನಿಂತಿತು. ಈಗ ಆ ಬೂಸಾವನ್ನು ಗುಡಾರದೊಳಗೆ ತಟ್ಟೆಯಲ್ಲಿಟ್ಟು ಬಡಿಸುತ್ತಿದ್ದಾರೆ.

ಗುಡಾರದ ಮಾತಿಗೇ ಬರೋಣ. ತಾತ ಹಕ್ಕಿಪಿಕ್ಕಿಯವರನ್ನು ನೆನೆದದ್ದು ದಡ್ಡತನದಿಂದಲ್ಲ. ಅವನ ಕಾಲದಲ್ಲಿ ಗುಡಾರ ಅಂದರೆ ಅಲೆಮಾರಿಗಳ ಮನೆ. ಹಕ್ಕಿಪಿಕ್ಕಿ, ಕೊರಮ, ಕೊರಚ, ದೊಂಬರು, ಬುಡ್ಗಜಂಗಮರು, ಸುಡುಗಾಡುಸಿದ್ಧರು ಗುಂಡುತೋಪಿನಲ್ಲಿ ಹರಕು ಬಟ್ಟೆ ಕಟ್ಟಿದರೆ ಸಂಜೆಗೆ ಪಟೇಲನ ಆಳು ಬರುತ್ತಿದ್ದ, ರಾತ್ರಿಗೆ ಪೊಲೀಸಿನವನು ಬರುತ್ತಿದ್ದ. 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಂಥ ಎಷ್ಟೋ ಜನರನ್ನು ಹುಟ್ಟಾ ಕಳ್ಳರು ಅಂತ ಬರೆದಿಟ್ಟಿತು. 1952ರಲ್ಲಿ ಅದು ರದ್ದಾಯಿತು. ಅನುಮಾನ ರದ್ದಾಯಿತೇ? ಇವತ್ತಿಗೂ ಪ್ಲಾಸ್ಟಿಕ್ ಹೊದ್ದ ಗುಡಾರ ಕಂಡರೆ ಎಬ್ಬಿಸುತ್ತಾರೆ. ಬಣ್ಣದ ಗುಡಾರ ಕಂಡರೆ ಸಲಾಮು ಹೊಡೆಯುತ್ತಾರೆ. 2025ರ ಆಗಸ್ಟಿನಲ್ಲಿ ಒಳಮೀಸಲಾತಿ ಹಂಚುವಾಗ ನಾಗಮೋಹನದಾಸ್ ಆಯೋಗ ಅಲೆಮಾರಿಗಳಿಗೆ ಬೇರೆಯಾಗಿ ಶೇಕಡ 1 ಹೇಳಿತ್ತು. ಸರ್ಕಾರ ಅದನ್ನೂ ಉಳಿಸದೆ ದೊಡ್ಡ ಗುಂಪಿನೊಳಗೆ ಸೇರಿಸಿತು. ಗುಡಾರದಲ್ಲಿ ಹುಟ್ಟಿದವರಿಗೆ ಇಲ್ಲದ ಮರ್ಯಾದೆ ಗುಡಾರಕ್ಕೆ ಬಾಡಿಗೆ ಕೊಟ್ಟವರಿಗೆ ಇದೆ.

ನಮ್ಮ ಬೆಟ್ಟಗಳ ಇರುಳಿಗರ ಕಥೆಯೂ ಇದೇ. ರಾಮನಗರ, ಮಾಗಡಿ, ಕನಕಪುರದ ಕಾಡುಬೆಟ್ಟಗಳಲ್ಲಿ ಜೇನು ಕಿತ್ತು, ಬಿದಿರು ಸೀಳಿ ಬದುಕಿದವರು. ಕಾಡು ಕಾಯುವ ಹೆಸರಿನಲ್ಲಿ ಅವರನ್ನು ಕೆಳಗಿಳಿಸಿದರು. 2006ರ ಅರಣ್ಯ ಹಕ್ಕು ಕಾಯ್ದೆ ಅವರ ಹಕ್ಕನ್ನು ಒಪ್ಪಿಕೊಂಡಿತು. ಹಕ್ಕುಪತ್ರ ಕೇಳಿಕೊಂಡು ಅವರು ಕಚೇರಿ ಬಾಗಿಲು ಸವೆಸಿದ್ದಾರೆ. ಇರುಳನ್ನೇ ಹೆಸರಾಗಿ ಹೊತ್ತ ಜನ ಬೆಟ್ಟದಲ್ಲಿ ಒಂದು ಇರುಳು ಮಲಗಿದರೆ ಅತಿಕ್ರಮಣ, ಪಟ್ಟಣದವನು ಮಲಗಿದರೆ ಪ್ರಕೃತಿಪ್ರೇಮ. ಇದು ಯಾವ ನ್ಯಾಯ?

ಈಗ ನೆಲದ ಲೆಕ್ಕ. ಸಂಗಾತಿಗಳೇ, ಇದನ್ನು ಗಮನಕೊಟ್ಟು ಓದಿ, ನಿಮ್ಮ ಹಟ್ಟಿಯಲ್ಲಿ ಓದಿ ಹೇಳಿ. 1974ರ ಭೂಸುಧಾರಣೆ ತಿದ್ದುಪಡಿ ಉಳುವವನಿಗೆ ಭೂಮಿ ಅಂದಿತು. ನಮೂನೆ 7 ಹಾಕಿದ ಗೇಣಿದಾರರಿಗೆ ಭೂಮಿ ಬಂತು. ನಮ್ಮಲ್ಲಿ ಹೆಚ್ಚಿನವರು ಗೇಣಿದಾರರೇ ಆಗಿರಲಿಲ್ಲ; ಕೂಲಿಗಳು, ಜೀತದಾಳುಗಳು. ನೇಗಿಲು ಎಳೆದವನ ಹೆಸರು ಪಹಣಿಯಲ್ಲಿ ಇರಲಿಲ್ಲ. ನಮಗೆ ಸಿಕ್ಕಿದ್ದು ತೋಟಿ ತಳವಾರಿಕೆಯ ಇನಾಮಿನ ತುಂಡುಗಳು, ದರಖಾಸ್ತಿನ ಕಲ್ಲುಭೂಮಿ. ಅದನ್ನೂ ಒಂದು ಚೀಲ ರಾಗಿಗೆ, ಒಂದು ಮದುವೆಯ ಸಾಲಕ್ಕೆ ಬರೆಸಿಕೊಂಡರು. ಅದನ್ನು ತಡೆಯಲು ಬಂದದ್ದೇ 1978ರ ಪಿಟಿಸಿಎಲ್ ಕಾಯ್ದೆ. ಸರ್ಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಪರಭಾರೆ ಅಂದರೆ ಬರೀ ಕ್ರಯ ಅಂತ ತಿಳಿಯಬೇಡಿ. ದಾನ, ಅದಲುಬದಲು, ಅಡಮಾನ, ಕ್ರಯದ ಕರಾರು ಎಲ್ಲವೂ ಸೇರುತ್ತವೆ. ಲೀಸೂ ಸೇರುತ್ತದೆ! "ಮಾರೋದು ಬೇಡ ತಾತ, ಬರೀ ಲೀಸು" ಅಂದನಲ್ಲ ದಲ್ಲಾಳಿ, ಆ ಬರೀ ಲೀಸೂ ಅನುಮತಿ ಇಲ್ಲದಿದ್ದರೆ ಕಾನೂನಿನ ಮುಂದೆ ಅಸಿಂಧು. ಅಂಥ ಜಮೀನನ್ನು ಬಿಡಿಸಿ ಮೂಲ ಮಂಜೂರಿದಾರನಿಗೋ ಅವನ ವಾರಸುದಾರರಿಗೋ ಕೊಡಿಸುವ ಅಧಿಕಾರ ಉಪವಿಭಾಗಾಧಿಕಾರಿಗೆ ಇದೆ.

2017ರಲ್ಲಿ ಸುಪ್ರೀಂ ಕೋರ್ಟು ಹೀಗೆ ಅರ್ಜಿ ಹಾಕುವುದಕ್ಕೂ ಒಂದು ಹಿತಮಿತ ಕಾಲ ಇರಬೇಕು ಅಂದಿತು. ಅದರ ಬಲದಿಂದ ನಮ್ಮವರ ಕೇಸುಗಳು ಸಾಲಾಗಿ ಬಿದ್ದವು. ಓದು ಬಾರದವನಿಗೆ ಕಾಲಮಿತಿ ಯಾರು ಹೇಳಿದ್ದರು? ದಲಿತ ಸಂಘಟನೆಗಳು ಬೀದಿಗಿಳಿದ ಮೇಲೆ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆದರು. ಆ ಬಗೆಗಿನ ವಾದ ಅದಾದ ಮೇಲೂ ಕೋರ್ಟಿನ ಮೆಟ್ಟಿಲು ಹತ್ತಿತು. ಹಾಗಾಗಿ ಬರೆದುಕೊಟ್ಟು ಆಮೇಲೆ ಬಿಡಿಸಿಕೊಳ್ಳೋಣ ಅನ್ನುವ ಧೈರ್ಯ ಯಾರಿಗೂ ಬೇಡ. ಮೊದಲೇ ಬರೆದುಕೊಡಬೇಡಿ.

ಇನ್ನೊಂದು ಕಡೆಯಿಂದ ಬೇಲಿ ಮುರಿದದ್ದು 2020ರಲ್ಲಿ. ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳು ಬೇಸಾಯಗಾರನಲ್ಲದವನು, ಬೇರೆ ಕಡೆಯಿಂದ ಹೆಚ್ಚು ಆದಾಯ ಇರುವವನು ಬೇಸಾಯದ ಭೂಮಿ ಕೊಳ್ಳದಂತೆ ತಡೆಯುತ್ತಿದ್ದವು. ಅವುಗಳಲ್ಲಿ ತೂತುಗಳಿದ್ದವು, ನಿಜ. ತೂತು ಮುಚ್ಚುವ ಬದಲು ಬೇಲಿಯನ್ನೇ ಕಿತ್ತರು. ಆಮೇಲೆ ನಮ್ಮ ಸುತ್ತ ಹೊಲ ಹೋಗಿ ತೋಟದ ಮನೆ ಬಂತು, ತೋಟದ ಮನೆಯ ಹಿಂದೆ ಗುಡಾರ ಬಂತು. ನಮೂನೆ 50, 53, 57 ಹಾಕಿ ಬಗರ್‌ಹುಕುಂ ಸಾಗುವಳಿ ಚೀಟಿಗೆ ಕಾಯುತ್ತಿರುವ ಬಡವನ ಫೈಲು ತಾಲ್ಲೂಕು ಕಚೇರಿಯಲ್ಲಿ ಧೂಳು ತಿನ್ನುತ್ತದೆ. 94ಸಿ ಅಡಿ ಮನೆ ಸಕ್ರಮ ಮಾಡಿ ಅಂತ ಕೈ ಮುಗಿದವಳ ಗುಡಿಸಲು ಅಕ್ರಮವಾಗಿಯೇ ಉಳಿಯುತ್ತದೆ. ಭೂಪರಿವರ್ತನೆಯೂ ಇಲ್ಲದ ಹೊಲದಲ್ಲಿ ಎದ್ದ ಗುಡಾರವನ್ನು ಯಾರು ಕೇಳುತ್ತಾರೆ?

ನೆಲದ ಪಕ್ಕದಲ್ಲಿ ನೀರು. ಗುಡಾರದ ಬೆಲೆ ಇರುವುದು ನೀರಿನ ನೋಟಕ್ಕೆ. ನಾವು ಹೋದ ಒಂದು ಕಡೆ ಜಲಾಶಯದ ಅಂಚಿನವರೆಗೂ ತಂತಿ ಎಳೆದಿದ್ದರು. "ಬುಕಿಂಗ್ ಇದೆಯಾ?" ಅಂತ ಕೇಳಿದರು. "ನೀರು ನೋಡಬೇಕು" ಅಂದೆವು. "ಬುಕಿಂಗ್ ಇಲ್ದೆ ಬಿಡಲ್ಲ" ಅಂದರು. ಜನರ ತೆರಿಗೆಯಲ್ಲಿ ಕಟ್ಟಿದ ಜಲಾಶಯ. ನಮ್ಮ ಸೀಮೆಯ ಕೆರೆಗಳಲ್ಲಿ ತೂಬು ಎತ್ತಿ ಗದ್ದೆಗೆ ನೀರು ಹಂಚಿದ ನೀರಗಂಟಿ ಹೆಚ್ಚಾಗಿ ಕೇರಿಯವನೇ. ಊರಿಗೆಲ್ಲ ನೀರು ಬಿಟ್ಟವನು ಬಾವಿಯ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಸಂವಿಧಾನದ 15ನೇ ವಿಧಿಯ ಎರಡನೇ ಖಂಡದಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದಾಗಿ ಹೆಸರಿಟ್ಟು ಬರೆದಿರುವುದು ಅಂಥ ಅನುಭವದಿಂದಲೇ. ಜಾತಿಯ ತಂತಿಯನ್ನು ಅದು ಕತ್ತರಿಸಿತು. ಈಗ ದುಡ್ಡಿನ ತಂತಿ ಎಳೆದಿದ್ದಾರೆ. ದನ ನೀರಿಗೆ ಇಳಿಸುವವನಿಗೆ, ಬಟ್ಟೆ ಒಗೆಯುವವಳಿಗೆ, ಬಲೆ ಬೀಸುವವನಿಗೆ ಎರಡೂ ತಂತಿ ಒಂದೇ. ಈಜಲು ಇಳಿದು ಸತ್ತವರ ಸುದ್ದಿ ಮಂಚನಬೆಲೆಯಿಂದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ನೀರಿನ ಗುಣ ಗೊತ್ತಿರುವ ಊರವರನ್ನು ತಂತಿಯ ಆಚೆ ನಿಲ್ಲಿಸಿ, ಗೊತ್ತಿಲ್ಲದವರನ್ನು ಈಚೆ ಬಿಟ್ಟುಕೊಂಡರೆ ಇನ್ನೇನಾಗುತ್ತದೆ?

ನೀರು ಹುಡುಕಿಕೊಂಡು ನಮ್ಮಲ್ಲಿಗೆ ಬರುವ ಇದೇ ಬೆಂಗಳೂರು ತನ್ನ ಕೊಳೆಯನ್ನು ವೃಷಭಾವತಿಯಲ್ಲಿ ಬೈರಮಂಗಲದ ಕೆರೆಗೆ ಕಳಿಸುತ್ತದೆ. ಅಲ್ಲಿನ ನೊರೆ ನೀರಿನ ಅಂಚಿನಲ್ಲಿ ಯಾರೂ ಗುಡಾರ ಹಾಕುವುದಿಲ್ಲ. ಕೊಳೆ ಅಂದಾಗ ಇನ್ನೊಂದು ನೆನಪಾಗುತ್ತದೆ. ಗುಡಾರಕ್ಕೆ ಅಂಟಿದ ಪಾಯಿಖಾನೆಯ ಗುಂಡಿ ತುಂಬಿದಾಗ ಯಾರನ್ನು ಕರೆಯುತ್ತಾರೆ? 2013ರ ಕಾಯ್ದೆ ಮನುಷ್ಯನನ್ನು ಮಲದ ಗುಂಡಿಗೆ ಇಳಿಸಬಾರದು ಅನ್ನುತ್ತದೆ. ಒಳದಾರಿಯ ಈ ಜಾಗಗಳಿಗೆ ಯಂತ್ರದ ಗಾಡಿ ಬರುತ್ತದೋ ಮಾದಿಗರ ಹುಡುಗ ಬರುತ್ತಾನೋ, ನೋಡುವವರು ಯಾರು? ಪ್ರತಿ ಗುಡಾರದ ಹಿಂದೆ ಹೋಗಿ ಗುಂಡಿ ನೋಡಿ. ಮುಂದಿನಿಂದ ನೋಡಿದರೆ ಬರೀ ಸೂರ್ಯಾಸ್ತ ಕಾಣುತ್ತದೆ.

ಅಲ್ಲಿ ರಾತ್ರಿ ಬೆಂಕಿಯ ಸುತ್ತ ಒಬ್ಬ ಹುಡುಗ ತಮಟೆ ಬಡಿಯುತ್ತಿದ್ದ. ತಂತಿಯಾಚೆ ನಿಂತು ಕೇಳಿದೆವು. ಕೈ ಪಳಗಿತ್ತು. ಮುಗಿದ ಮೇಲೆ ಕರೆದು ಮಾತಾಡಿಸಿದೆವು. ನಮ್ಮವನೇ. ನಮ್ಮ ಸಂಘಟನೆ ನಮ್ಮ ಅಪ್ಪಂದಿರಿಗೆ ಹೇಳಿತ್ತು: ಹೆಣದ ಮುಂದೆ, ಹಬ್ಬದ ಮುಂದೆ ಬಿಟ್ಟಿ ತಮಟೆ ಬಡಿಯಬೇಡಿ, ಅದು ಗುಲಾಮಗಿರಿಯ ಗುರುತು. ಬಹಿಷ್ಕಾರ ಹಾಕಿಸಿಕೊಂಡು, ಏಟು ತಿಂದು ಎಷ್ಟೋ ಹಟ್ಟಿಗಳು ಅದನ್ನು ಬಿಟ್ಟವು. ಅದನ್ನೇ ಅವನಿಗೆ ಹೇಳಲು ಹೋದೆವು.

"ಅಣ್ಣ, ನಮ್ಮಪ್ಪ ಬಡಿದ್ರೆ ಹಳಸಿದ ಅನ್ನ ಕೊಡೋರು. ಇವ್ರು ದುಡ್ಡು ಕೊಡ್ತಾರೆ, ಚಪ್ಪಾಳೆ ತಟ್ತಾರೆ. ಯಾವ್ದು ಮೇಲು ನೀವೇ ಹೇಳಿ" ಅಂದ.

ಒಂದು ಗಳಿಗೆ ನಮಗೆ ಮಾತು ಹೊರಡಲಿಲ್ಲ. ಅವನ ಮಾತು ಸುಳ್ಳಲ್ಲ. ತಮಟೆ ನಮ್ಮ ಕಲೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು. ಬಡಿಯುವುದರಲ್ಲಿ ಅವಮಾನವಿಲ್ಲ, ಬಡಿಯಲೇಬೇಕು ಅನ್ನುವುದರಲ್ಲಿ ಇತ್ತು. ಹಾಗಾದರೆ ನಮ್ಮ ತಕರಾರು ಏನು? ರೇಷ್ಮೆ ಬಿಚ್ಚುವ ಅಕ್ಕ ಕೇಳಿದಳು: "ನಾಳೆ ನಿಂಗೆ ಜ್ವರ ಬಂದ್ರೆ ದುಡ್ಡು ಕೊಡ್ತಾರಾ ತಮ್ಮ? ಊಟ ಎಲ್ಲಿ ಮಾಡ್ತೀಯ?" ಅವನು ನೆಲ ನೋಡಿದ. ಜ್ವರ ಬಂದರೆ ಇನ್ನೊಬ್ಬ ಬರುತ್ತಾನೆ. ಊಟ ಅಡುಗೆಮನೆಯ ಹಿಂದೆ. ಅಡುಗೆಗೆ ಬೇರೆ ಜನ ಇದ್ದಾರೆ, ನಮ್ಮವರನ್ನು ಒಳಗೆ ಬಿಡುವುದಿಲ್ಲ. ಮುದ್ದೆ ನಮ್ಮದು, ತಿರುವುವ ಕೈ ನಮ್ಮದಾಗಬಾರದು. ಹಳೆಯ ಊರು ಗುಡಾರದೊಳಗೂ ಬಂದು ಕೂತಿದೆ. ಇದೇ ನಮ್ಮ ತಕರಾರು.

ಕೊಲಂಬಿಯಾದಲ್ಲಿ ಓದಿ ಬಂದ ಅಂಬೇಡ್ಕರರು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಉಳಿಯಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಗೊತ್ತಾದ ದಿನ ದೊಣ್ಣೆ ಹಿಡಿದು ಬಂದು ಹೊರಹಾಕಿದರು. ಒಂದು ರಾತ್ರಿಯ ಸೂರು ಅಂದರೆ ನಮಗೆ ಏನು ಅನ್ನುವುದು ಅಲ್ಲಿಂದ ತಿಳಿಯುತ್ತದೆ. ಹಳ್ಳಿಯನ್ನು ಸ್ವರ್ಗ ಅಂದವರ ಮುಂದೆ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯ ಕುರುಡನ್ನೂ ಕೊಳಕನ್ನೂ ಬಿಡಿಸಿ ಹೇಳಿದ್ದರು. ಹಳ್ಳಿ ಬಿಡಿ, ಪಟ್ಟಣಕ್ಕೆ ಹೋಗಿ ಅನ್ನುವುದು ಅವರ ಮಾತಿನ ಸಾರ. ನಮ್ಮವರು ಹೋದರು. ಸಿದ್ಧಲಿಂಗಯ್ಯನವರ ಮನೆಯವರೂ ಮಂಚನಬೆಲೆ ಬಿಟ್ಟು ಬೆಂಗಳೂರಿಗೆ ಹೋದರು. ನಾವು ನೆಮ್ಮದಿ ಹುಡುಕಿ ಬಿಟ್ಟುಬಂದ ಜಾಗಕ್ಕೆ ಈಗ ಬೆಂಗಳೂರು ನೆಮ್ಮದಿ ಹುಡುಕಿಕೊಂಡು ಬರುತ್ತಿದೆ. ಬರಲಿ. ಆದರೆ ನಾವು ಯಾಕೆ ಬಿಟ್ಟೆವು ಅನ್ನುವುದನ್ನು ಕೇಳಿಸಿಕೊಂಡು ಮಲಗಲಿ.

ನೀವು ಅಭಿವೃದ್ಧಿಯ ವಿರೋಧಿಗಳು ಅನ್ನುವವರಿದ್ದಾರೆ. ಅಲ್ಲ. ಗುಡಾರಕ್ಕೆ ಬೆಂಕಿ ಇಡಿ ಅಂತ ನಾವು ಹೇಳುತ್ತಿಲ್ಲ. ನಮ್ಮ ಹುಡುಗರಿಗೆ ಕೆಲಸ ಬೇಕು. ಬೊಂಬೆ ಕಡೆಯುವವನಿಗೆ ಗಿರಾಕಿ ಬೇಕು. ನಾವು ಷರತ್ತು ಹಾಕುತ್ತಿದ್ದೇವೆ. ಒಂದು, ಯಾವುದೇ ಗುಡಾರ ಏಳುವ ಮುಂಚೆ ಆ ಸರ್ವೆ ನಂಬರಿನ ಮೂಲ ಮಂಜೂರಾತಿ ಕಡತ ತೆಗೆದು ಗ್ರಾಮಸಭೆಯಲ್ಲಿ ಓದಬೇಕು. ಪಿಟಿಸಿಎಲ್ ಜಮೀನಾಗಿದ್ದರೆ ಬಿಡಿಸಿ ವಾರಸುದಾರರಿಗೆ ಕೊಡಬೇಕು. ಎರಡು, ಕೆರೆ, ಹೊಳೆ, ಜಲಾಶಯದ ಅಂಚಿನ ತಂತಿ ಕೀಳಬೇಕು. ಮೂರು, ಕೆಲಸಗಾರರಿಗೆಲ್ಲ ಕನಿಷ್ಠ ಕೂಲಿ, ಹಾಜರಿ ಪುಸ್ತಕ, ಇಎಸ್‌ಐ. ಅಡುಗೆಮನೆಯ ಬಾಗಿಲು ಎಲ್ಲ ಜಾತಿಗೂ ತೆರೆದಿರಬೇಕು. ನಾಲ್ಕು, ಗುಂಡಿಗೆ ಮನುಷ್ಯ ಇಳಿಯಬಾರದು. ಐದು, ಸರ್ಕಾರಿ ಜಾಗದಲ್ಲಿ ಗುಡಾರಕ್ಕೆ ಅನುಮತಿ ಕೊಡುವುದಾದರೆ ಮೊದಲು ಕೇರಿಯವರ, ಇರುಳಿಗರ, ಅಲೆಮಾರಿಗಳ ಸಹಕಾರ ಸಂಘಗಳಿಗೆ ಕೊಡಬೇಕು. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯ ಹಣವನ್ನು ಬೇರೆ ಕಡೆ ತಿರುಗಿಸುವ ಬದಲು ಇಲ್ಲಿ ತೊಡಗಿಸಲಿ. ಆರು, ಕವಿಯ ಊರು ಅಂತ ಹೆಸರು ಬಳಸುವವರು ಕೇರಿಯ ದಾರಿಯನ್ನೂ ತೋರಿಸಲಿ. ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ ನೋಡಲು ನಾವು ಮಕ್ಕಳನ್ನು ಪ್ರೀತಿಯಿಂದ ಕರೆದುಕೊಂಡು ಹೋಗುತ್ತೇವೆ. ಅದು ತೊಟ್ಟಿಯ ದೊಡ್ಡ ಮನೆ. ನಮ್ಮ ಕವಿಗಳು ಹುಟ್ಟಿದ್ದು ಸಣ್ಣ ಸೂರಿನಡಿ. ಎಷ್ಟೋ ಕಡೆ ತೋರಿಸಲು ಗೋಡೆಯೂ ಉಳಿದಿಲ್ಲ. ಅಲ್ಲಿ ಪ್ರತಿಮೆ ಬೇಡ, ಒಂದು ಗ್ರಂಥಾಲಯ ಬರಲಿ.

ಕೊನೆಗೆ ತಾತನ ವಿಷಯ. ನಾವು ಅವನ ಹಳೆಯ ಟ್ರಂಕಿನಿಂದ ಸಾಗುವಳಿ ಚೀಟಿ ತೆಗೆಸಿ ಓದಿ ಹೇಳಿದೆವು. ಮೇಷ್ಟ್ರು ಪಿಟಿಸಿಎಲ್ ಕಾಯ್ದೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಗಂಗಾ ಕಲ್ಯಾಣದಲ್ಲಿ ಕೊಳವೆಬಾವಿಗೆ ಅರ್ಜಿ ಬರೆದೆವು. ಮೊಮ್ಮಗಳ ವಿದ್ಯಾರ್ಥಿವೇತನ, ಹಾಸ್ಟೆಲಿನ ಅರ್ಜಿಗಳನ್ನು ಕಾಲೇಜು ಹುಡುಗರು ತುಂಬಿದರು. ಕೊಳವೆಬಾವಿ ಬರುತ್ತದೋ ಇಲ್ಲವೋ, ಬಂದರೂ ಯಾವಾಗಲೋ, ಭರವಸೆ ಕೊಡುವಷ್ಟು ದೊಡ್ಡವರಲ್ಲ ನಾವು. ಕೈಸಾಲ ಎತ್ತಿ ಮೊದಲ ವರ್ಷದ ಫೀಸು ಕಟ್ಟಿದ್ದೇವೆ. ಉಳಿದದ್ದಕ್ಕೆ ಹೋರಾಡಬೇಕು.

ದಲ್ಲಾಳಿ ಮತ್ತೆ ಬಂದ. ಈ ಸಲವೂ ಜಗಲಿ ಮೇಲೆ ಕೂತ. ತಾತ ಅವನಿಗೆ ಕಾಫಿ ಕೊಡಿಸಿ ಹೇಳಿದ:

"ಲೀಸು ಗೀಸು ಬ್ಯಾಡ ಕಣಪ್ಪ. ಗುಡಾರ ಹಾಕೋದಾದ್ರೆ ನಮ್ಮ ಹೈಕ್ಳೇ ಹಾಕ್ತವೆ. ನಿಮ್ ಬೆಂಗಳೂರೋರ್ನ ಕಳ್ಸು. ನಮ್ ಮನೇಲಿ ಮುದ್ದೆ ಉಣ್ಲಿ, ದುಡ್ಡು ಕೊಡ್ಲಿ, ಮಲಿಕ್ಕೊಳ್ಳಿ. ಯಾವ್ ಕೇರಿ ಅಂತ ಮೊದ್ಲೇ ಹೇಳಿ ಕಳ್ಸು. ಆಮೇಲ್ ಹೊಟ್ಟೆ ಸರಿಯಿಲ್ಲ ಅನ್ಬಾರ್ದು."